ಕೇಳುವವರಿಲ್ಲದ ಕಡೆಗೆ

“ಯಜಮಾನ್ರೇ, ಗಾಡೀಲಿ ಇನ್ನು ಯಾರಿದಾರೆ?” ಗಡಿಯ ಪೇದೆ ತಡೆಗಂಬಕ್ಕೆ ಮೊಣಕೈ ಊರಿ ಗಾಡಿ ಹೊಡೆಯುತ್ತಿದ್ದ ಬಡಗಿಯನ್ನು ಕೇಳಿದ. ಹತ್ತಿರ ಬಂದು ಗಾಡಿಯೊಳಗೆ ಇಣುಕುವ ದರ್ದು ಅವನಿಗಿರಲಿಲ್ಲ. ಬಡಗಿಯ ಪಕ್ಕದಲ್ಲಿ ಅವರ ಸೊಸೆ ಕೂತಿದ್ದಳು.

ಈ ಮಾವ-ಸೊಸೆಯ ಪಂಥದವರು ಸುಳ್ಳು ಹೇಳುವುದಿಲ್ಲವೆಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಮೊದಲು ಅದರಿಂದ ಒಳ್ಳೆಯ ಹೆಸರಿತ್ತು. ಮಾವ ಹುಳುಕು ಅಂದರೆ ಆ ಮರ ಹುಳುಕೇ, ಗಿರಾಕಿ ಎರಡನೇ ಮಾತಾಡುತ್ತಿರಲಿಲ್ಲ. ಸರಕಾರ ಇವರ ಪ್ರಾರ್ಥನೆಯನ್ನು ನಿಷೇಧಿಸಿದ ಮೇಲೆ ಅದೇ ಕೊರಳಿಗೆ ಉರುಳಾಯಿತು. ಪೊಲೀಸರು ಮನೆ ಶೋಧಿಸುವ ಗೋಜಿಗೇ ಹೋಗಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದರೆ ಸಾಕಿತ್ತು, ಬೂಟಿಗೆ ಧೂಳೂ ಹತ್ತುತ್ತಿರಲಿಲ್ಲ.

ಹಾಗೆಯೇ ಒಂದು ಬೆಳಿಗ್ಗೆ “ದೊಡ್ಡ ಮಗ ಎಲ್ಲಿ?” ಎಂದು ಕೇಳಿದ್ದರು. ಮಾವ ಉಳಿ ಕೆಳಗಿಟ್ಟು, “ಅಟ್ಟದ ಮೇಲಿದಾನೆ” ಎಂದರು. ಹೋದವನು ಸೆರೆಮನೆಯಲ್ಲೇ ಸತ್ತ. ಅಂದಿನಿಂದ ಸೊಸೆ ಮಾವನಿಗೆ ಊಟ ಕೊಟ್ಟಳು, ನೀರು ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ. ಗಂಡನನ್ನು ಕೊಂದವರು ಪೊಲೀಸರೆಂದು ಅವಳಿಗೆ ಗೊತ್ತಿತ್ತು. ಆದರೂ ಸಿಟ್ಟು ಮಾವನ ಮೇಲೆಯೇ.

ಹಿರಿಯರ ಸಭೆಯಲ್ಲಿ ಯಾರೋ, ಜೀವ ಉಳಿಸುವ ಸುಳ್ಳಿಗೆ ಪಾಪವಿಲ್ಲ ಅಂತ ಮಾಡಿಬಿಡೋಣ ಎಂದಿದ್ದರು. ಎಲ್ಲರೂ ಮಾವನ ಮುಖ ನೋಡಿದರು. ಮಗನನ್ನು ಕಳಕೊಂಡವರು ಅವರಲ್ಲವೇ?

“ಒಂದ್ಸಲ ಸುಳ್ಳಿನ ರುಚಿ ಹತ್ತಿದ್ರೆ, ಪ್ರಾರ್ಥನೆಗೆ ಬೇರೆ ಬಾಯಿ ಎಲ್ಲಿಂದ ತರೋಣ?” ಎಂದರು ಮಾವ. “ಕೇಳೋರೇ ಇಲ್ಲದ ಕಡೆ ಹೋಗಿಬಿಡೋಣ.”

ಗಡಿಯಾಚೆ, ಬೆಟ್ಟಗಳ ಹಿಂದೆ, ಹುಲ್ಲೂ ನೆಟ್ಟಗೆ ಬೆಳೆಯದ ಬಯಲೊಂದಿತ್ತು. ಯಾರಿಗೂ ಬೇಡವಾಗಿದ್ದಕ್ಕೇ ಅದು ಇವರಿಗೆ ಸಿಕ್ಕಿತು. ಉಳಿದವರ ಗಾಡಿಗಳು ಆಗಲೇ ದಾಟಿ ಹೋಗಿದ್ದವು. ಕೊನೆಯದು ಮಾವನದು. ಪೊಲೀಸರು ಹುಡುಕುತ್ತಿದ್ದ ಕಿರಿಯ ಮಗ, ಸೊಸೆಯ ಮೈದುನ, ಅದರಲ್ಲೇ ಹಲಗೆಗಳ ಅಡಿ ಉಸಿರು ಬಿಗಿಹಿಡಿದು ಮಲಗಿದ್ದ.

ಮಾವನ ತುಟಿ ಬಿಚ್ಚಿಕೊಳ್ಳುವುದನ್ನು ಸೊಸೆ ಕಂಡಳು.

“ಯಾರೂ ಇಲ್ಲಣ್ಣ,” ಎಂದಳು. “ನಾವಿಬ್ರೇ. ಮಿಕ್ಕಿದ್ದೆಲ್ಲ ಮರ.”

ಪೇದೆ ಮಾವನತ್ತ ತಿರುಗಲೂ ಇಲ್ಲ. ಈ ಜನರಲ್ಲಿ ಒಬ್ಬರು ಹೇಳಿದರೆ ಮುಗಿಯಿತು. ತಡೆಗಂಬ ಮೇಲೆದ್ದಿತು. ಮಾವ ತುಟಿ ಮುಚ್ಚಿಕೊಂಡು ಕುದುರೆಯ ಲಗಾಮು ಜಾಡಿಸಿದರು.

ಬಯಲಿನಲ್ಲಿ ಮಾವ ಮೊದಲು ಕಟ್ಟಿದ್ದು ಪ್ರಾರ್ಥನೆಯ ಮನೆ. ಸುಳ್ಳಾಡಿದವರು ವರ್ಷವಿಡೀ ಅದರ ಹೊಸ್ತಿಲಾಚೆ ಕೂರಬೇಕು, ಅದು ಪಂಥದ ಕಟ್ಟಳೆ. ಮೊದಲ ಪ್ರಾರ್ಥನೆಯ ದಿನ ಯಾರೂ ಹೇಳುವ ಮುಂಚೆಯೇ ಸೊಸೆ ಕಂಬಳಿ ಹೊದ್ದು ಹೊರಗೆ ಕೂತಳು. ಒಳಗಿನಿಂದ ಮೈದುನನ ದನಿ ಕೇಳುತ್ತಿತ್ತು. ಸುಳ್ಳಾಡಿದ್ದಕ್ಕೆ ಅವಳಿಗೆ ಪಶ್ಚಾತ್ತಾಪವೇನೂ ಇರಲಿಲ್ಲ. ಸಂಕಟ ಬೇರೆಯೇ ಇತ್ತು. ಗಂಡನನ್ನು ಹಿಡಿದೊಯ್ದ ಆ ಬೆಳಿಗ್ಗೆ ಅವಳೂ ಮಾವನ ಪಕ್ಕದಲ್ಲೇ ನಿಂತಿದ್ದಳು. ಅವಳ ಬಾಯಿಗೇನು ಬೀಗ ಬಿದ್ದಿತ್ತು?

ಮಾವ ಬಂದರು. ಒಳಗೆ ಹೋಗದೆ, ಮೊಣಕಾಲು ಹಿಡಿದುಕೊಂಡು ಅವಳಿಂದ ಮಾರು ದೂರದಲ್ಲಿ ಕೂತರು.

“ನೀವ್ಯಾಕೆ ಇಲ್ಲಿ, ಮಾವ? ಒಳಗೆ ಹೋಗಿ,” ಎಂದಳು. ಗಂಡ ಸತ್ತ ಮೇಲೆ ಅವರೊಂದಿಗೆ ಆಡಿದ ಮೊದಲ ಮಾತು ಅದು.

“ಗಡೀಲಿ ನನ್ನ ಬಾಯಿಗೂ ಅದೇ ಸುಳ್ಳು ಬಂದಿತ್ತು ಕಣಮ್ಮ. ನೀನು ಮುಂಚೆ ಅಂದ್ಬಿಟ್ಟೆ, ಅಷ್ಟೇ.”

ಬೆಟ್ಟದ ಕಡೆಯಿಂದ ಗಾಳಿ ಬೀಸಿತು. ಅವಳು ಹತ್ತಿರ ಸರಿದು, ಕಂಬಳಿಯ ಒಂದು ತುದಿಯನ್ನು ಮಾವನ ಮೊಣಕಾಲಿನ ಮೇಲೆ ಎಳೆದು ಹೊದಿಸಿದಳು.