ಏಳನೇ ಬೋಲ್ಟು

ಅಮ್ಮ ಮುಚ್ಚಿದ ಡಬ್ಬ ತೆಗೆಯುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಸಕ್ಕರೆ ಡಬ್ಬವಿರಲಿ, ಬಚ್ಚಲಿನ ನಲ್ಲಿಯಿರಲಿ, ಅವಳ ಕೈ ಬಿತ್ತೆಂದರೆ ಮುಗಿಯಿತು. ಅಳಿಯ ಒಮ್ಮೆ ಟವೆಲು ಸುತ್ತಿ ತಿರುಗಿಸಲು ಹೋಗಿ ಮಣಿಕಟ್ಟು ಉಳುಕಿಸಿಕೊಂಡಿದ್ದ. ಹಲ್ಲಿನ ಡಾಕ್ಟರಾದ ಅವನ ಹೊಟ್ಟೆಪಾಡೇ ಮಣಿಕಟ್ಟು! "ಅತ್ತೆ, ನೀವು ನನ್ನ ಕ್ಲಿನಿಕ್ಕಿಗೆ ಬಂದ್ಬಿಡಿ, ಇಕ್ಕಳದ ಖರ್ಚು ಉಳಿಯುತ್ತೆ" ಎಂದು ಎರಡು ವಾರ ರೇಗಿಸಿದ್ದ.

ಇದನ್ನು ಮೊದಲೇ ಹೇಳದಿದ್ದರೆ, ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಮಗಳು ಗ್ಯಾರೇಜಿನಲ್ಲಿ ಯಾಕೆ ಕಿರುಚಿದಳೆಂದು ನಿಮಗೆ ತಿಳಿಯುವುದಿಲ್ಲ.

ಮಗಳು ಮೆಕ್ಯಾನಿಕ್ಕು. ಗ್ಯಾರೇಜಿಗೂ ಗಂಡನ ಕ್ಲಿನಿಕ್ಕಿಗೂ ನಡುವೆ ಒಂದೇ ಗೋಡೆ. ಆಚೆ ಹಲ್ಲು ಕೊರೆಯುವ ಸದ್ದು, ಈಚೆ ಕಬ್ಬಿಣ ಕೊರೆಯುವ ಸದ್ದು. ಕಾಯುತ್ತ ಕೂತ ರೋಗಿಗಳು ಯಾವುದು ಯಾವುದೆಂದು ತಿಳಿಯದೆ ಬೆವರುತ್ತಿದ್ದರು. ಅವಳ ಮುಂದೆ ಈಗ ನಿಂತಿದ್ದದ್ದು ತೀರಿಕೊಂಡ ಅಪ್ಪನ ಹಳೇ ವ್ಯಾನು. ಅದರ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಎಂಜಿನ್ನಿನ ಕೆಳಗಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ ಅದು. ಅದು ಹೋದರೆ ನೀರು ಎಂಜಿನ್ನಿನೊಳಗೆ ಇಳಿದು ಬಿಳಿ ಹೊಗೆ ಏಳುತ್ತದೆ. ಹತ್ತು ಬೋಲ್ಟು ಬಿಚ್ಚಿ ಹೆಡ್ ಎತ್ತು, ಹೊಸ ಹಾಳೆ ಹಾಕು, ಮತ್ತೆ ಬಿಗಿ ಮಾಡು: ಅವಳಿಗೆ ಅದು ನೀರು ಕುಡಿದಷ್ಟು ಸಲೀಸು.

ಆದರೆ ಏಳನೇ ಬೋಲ್ಟು ಸ್ಪ್ಯಾನರ್ ಇಟ್ಟ ಕೂಡಲೇ ಎದ್ದು ಬಂತು. ಬರುವಾಗ ತೂತಿನೊಳಗಿನ ಥ್ರೆಡ್ಡನ್ನೇ ಸುತ್ತಿಕೊಂಡು ಬಂತು, ಹೊಳೆಯುವ ಅಲ್ಯುಮಿನಿಯಂ ಎಳೆ. ಇನ್ನು ಆ ತೂತಿನಲ್ಲಿ ಯಾವ ಬೋಲ್ಟೂ ಕಚ್ಚುವುದಿಲ್ಲ.

"ಅಯ್ಯೋ, ಕೆಟ್ಟೆ!"

ಗಂಡ ಬಾಯಿಗೆ ಮಾಸ್ಕು ಕಟ್ಟಿಕೊಂಡೇ ಓಡಿಬಂದ. "ಏನಾಯ್ತೇ? ಕೈ ಸಿಕ್ಕಿಕೊಳ್ತಾ?"

"ಕೈ ಸಿಕ್ಕಿದ್ರೆ ವಾಸಿಯಾಗ್ತಿತ್ತು ರೀ. ಥ್ರೆಡ್ ಹೋಗಿದೆ. ಹೋದ ವರ್ಷ ಇದನ್ನ ಬಿಗಿ ಮಾಡಿದ್ದು ನಾನೇ. ನನ್ನ ಕೈಯಾರೆ ಅಮ್ಮನ ಟೆಸ್ಟು ಹಾಳು ಮಾಡ್ದೆ."

ಅಮ್ಮನಿಗೆ ಅಂದು ಸಂಜೆ ನಾಲ್ಕಕ್ಕೆ ಡ್ರೈವಿಂಗ್ ಟೆಸ್ಟು. ವಯಸ್ಸು ಅರವತ್ತೊಂದು, ಇದು ಮೂರನೇ ಸಲ. ಮೊದಲ ಸಲ ಬ್ರೇಕ್ ತುಳಿದ ರಭಸಕ್ಕೆ ಇನ್ಸ್‌ಪೆಕ್ಟರ ಕನ್ನಡಕ ಹಾರಿ ಗಾಜಿಗೆ ಬಡಿದಿತ್ತು. ಎರಡನೇ ಸಲ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು ನೋಡಿ, ಬಿಡಿಸಲು ಇಬ್ಬರು ಪೇದೆಗಳು ಬರಬೇಕಾಯಿತು. ಕಲಿಕೆಯ ಲೈಸೆನ್ಸಿನ ಗಡುವು ಅಂದಿಗೇ ಮುಗಿಯುತ್ತಿತ್ತು. ಸ್ವಂತ ಗಾಡಿ ತರಬೇಕೆಂಬುದು ನಿಯಮ, ಅವಳ ಕಾಲಿಗೆ ಪಳಗಿದ್ದು ಈ ವ್ಯಾನಿನ ಕ್ಲಚ್ಚೊಂದೇ. ಪಾಸಾದರೆ ಬೆಟ್ಟದಾಚೆಯ ತಂಗಿಯ ಮನೆಗೆ ಯಾರ ಕೈಕಾಲನ್ನೂ ಹಿಡಿಯದೆ ತಾನೇ ಹೋಗಬಹುದು. ಅದಕ್ಕೇ ಬೆಳಿಗ್ಗೆ ಏಳರಿಂದ ಇಸ್ತ್ರಿ ಬಟ್ಟೆ ತೊಟ್ಟು ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದಳು. ಮಗಳ ಮಾತು ಕೇಳಿಯೂ ತುಟಿ ಬಿಚ್ಚಲಿಲ್ಲ. ಸದಾ ವಟವಟ ಎನ್ನುವ ಹೆಂಗಸು ಸುಮ್ಮನಿದ್ದದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ.

ಲೇತ್ ಅಂಗಡಿಯವನಿಗೆ ಫೋನು ಹಾಕಿದರೆ ಮೂರು ದಿನ ಅಂದ. ಮಗಳು ಬೀರುವಿನ ತಳದಿಂದ ಒಂದು ಪೆಟ್ಟಿಗೆ ಎಳೆದಳು. ತಂದು ಎರಡು ವರ್ಷವಾಗಿತ್ತು, ಬಳಸಲು ಧೈರ್ಯ ಬಂದಿರಲಿಲ್ಲ. ತೂತನ್ನು ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ ಕತ್ತರಿಸಿ, ಅದರೊಳಗೆ ಸ್ಟೀಲಿನ ಸುರುಳಿ ಕೂರಿಸುವ ಸಾಮಾನು. ಒಂದು ಕೂದಲೆಳೆ ಓರೆಯಾದರೂ ಬ್ಲಾಕು ಗುಜರಿಗೆ.

ಗಂಡ ಪೆಟ್ಟಿಗೆಯೊಳಗೆ ಇಣುಕಿದವನೇ ಕುಣಿದುಬಿಟ್ಟ. "ಅರೆ! ಇದು ನನ್ನ ಕೆಲಸ ಕಣೇ! ದವಡೆ ಕೊರೆಯೋದು, ಥ್ರೆಡ್ ಹಾಕೋದು, ಸ್ಕ್ರೂ ಕೂರಿಸೋದು. ದಿನಾ ಮಾಡೋದು ಇದನ್ನೇ ತಾನೆ?"

"ನಿಮ್ಮ ರೋಗಿ ನೋವಾದ್ರೆ ಅಯ್ಯೋ ಅಂತಾನೆ. ಇದು ಹೇಳದೆ ಕೇಳದೆ ಸೀಳಿಹೋಗುತ್ತೆ."

"ಕೊರೆಯೋಳು ನೀನು. ನಾನು ಕಾಂಪೌಂಡರ್."

ಕ್ಲಿನಿಕ್ಕಿನ ಬಾಗಿಲಿಗೆ 'ಡಾಕ್ಟರು ಆಪರೇಷನ್ನಿನಲ್ಲಿದ್ದಾರೆ' ಎಂದು ಚೀಟಿ ಅಂಟಿಸಿ, ತಲೆಗೆ ಕಟ್ಟುವ ದೀಪ, ಬಾಯೊಳಗೆ ನೋಡುವ ಪುಟ್ಟ ಕನ್ನಡಿ, ಎಂಜಲು ಹೀರುವ ನಳಿಕೆ ಎಲ್ಲವನ್ನೂ ಹೊತ್ತು ತಂದ. ಸುಳ್ಳೇನೂ ಬರೆದಿರಲಿಲ್ಲ ಬಿಡಿ.

ಮಗಳು ಉಳಿದ ಬೋಲ್ಟು ಬಿಚ್ಚಿ ಹೆಡ್ ಎತ್ತಿಟ್ಟು, ಸಿಲಿಂಡರುಗಳಿಗೆ ಬಟ್ಟೆ ತುರುಕಿದಳು. ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಡ್ರಿಲ್ಲಿನ ಮೊನೆಗೆ ಟೇಪು ಸುತ್ತಿದಳು. ನೆಟ್ಟಗೆ ತೂತಿರುವ ದಪ್ಪ ಉಕ್ಕಿನ ತುಂಡನ್ನು ಬ್ಲಾಕಿನ ಮೇಲಿಟ್ಟು ಅದರೊಳಗಿಂದ ಕೊರೆಯತೊಡಗಿದಳು. ಬೆಳ್ಳಿ ಪುಡಿ ಏಳುತ್ತಿತ್ತು, ಗಂಡ ಹೀರುತ್ತಿದ್ದ. ಟೇಪು ಅಂಚಿಗೆ ಮುಟ್ಟಿದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಆಮೇಲೆ ಟ್ಯಾಪಿಗೆ, ಅಂದರೆ ಹಲ್ಲುಹಲ್ಲಿನ ಉಕ್ಕಿನ ಕಡ್ಡಿಗೆ, ಗ್ರೀಸು ಬಳಿದು ಥ್ರೆಡ್ ಕತ್ತರಿಸುವ ಕೆಲಸ: ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹದಿನೇಳು ವರ್ಷದ ಕಸುಬಿನಲ್ಲಿ ಇಂಥ ಹುರುಪು ಅವಳಿಗೆ ಬಂದಿರಲಿಲ್ಲ. ಹೆದರಿಕೆಯೋ ಖುಷಿಯೋ, ಎರಡೂ ಕಲಸಿ ನೆತ್ತಿಗೇರಿದಂತಿತ್ತು.

ತೂತು ಒರೆಸಿ ಒಣಗಿಸಿದ ಮೇಲೆ ಸುರುಳಿ ತಿರುಗುತ್ತ ಒಳಗಿಳಿದು ಮಟ್ಟಸವಾಗಿ ಕೂತಿತು. ಅದರ ತುದಿಯ ಚಿಕ್ಕ ಬಾಲವನ್ನು ಮುರಿದು ಹೊರಗೆ ತೆಗೆಯಬೇಕು. ಅವಳು ಮುರಿದಳು, ಅದು ತಳಕ್ಕೆ ಬಿತ್ತು. ಗಂಡ ಕನ್ನಡಿ ಹಿಡಿದು, ಚಿಮಟ ಇಳಿಸಿ, ಒಂದೇ ಏಟಿಗೆ ಎತ್ತಿದ.

"ಬಂತು! ಬಾಯಿ ಮುಕ್ಕಳಿಸಿ."

ಅಭ್ಯಾಸಬಲ! ಹೆಂಡತಿ ನಕ್ಕೂ ನಕ್ಕೂ ಬಂಪರಿಗೆ ಒರಗಿದಳು. ಬಾಗಿಲಲ್ಲಿ ಕೂತ ಅಮ್ಮ ಮಾತ್ರ ನಗಲಿಲ್ಲ.

ಹನ್ನೆರಡರ ಹೊತ್ತಿಗೆ ಹೊಸ ಗ್ಯಾಸ್ಕೆಟ್ ಕೂತು, ಹೆಡ್ ಇಳಿದು, ಬೋಲ್ಟುಗಳು ನಡುವಿನಿಂದ ಅಂಚಿಗೆ ಸರದಿಯಂತೆ ಬಿಗಿಯಾಗತೊಡಗಿದವು. ಕೊನೆಯ ಸುತ್ತಿಗೆ ಟಾರ್ಕ್ ವ್ರೆಂಚು ಬೇಕು. ಸಾಕಾದಷ್ಟು ಬಿಗಿಯಾದ ಕ್ಷಣವೇ 'ಕಟಕ್' ಎನ್ನುವ ಉದ್ದ ಹಿಡಿಯ ಸ್ಪ್ಯಾನರ್ ಅದು. ಒಂಬತ್ತು ಬೋಲ್ಟು ಒಂಬತ್ತು ಸಲ ಕಟಕ್ ಎಂದವು. ಏಳನೆಯದನ್ನು ಮಗಳು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು, ಎದೆ ಗಟ್ಟಿಯಾಗಲೆಂದು.

ಆಗ ಅಮ್ಮ ಎದ್ದು ಬಂದಳು. "ನಿಂದೇನೂ ತಪ್ಪಿಲ್ಲ ಕಣೇ. ಅದು ನನ್ನ ಕೈ."

"ಏನಂದೆ?"

"ಹೋದ ಭಾನುವಾರ ಆ ಬೋಲ್ಟಿನ ಹತ್ರ ಒಂದು ಹನಿ ನೀರು ಕಾಣ್ತು. ಸಡಿಲ ಆಗಿದೆ ಅಂತ ಸ್ಪ್ಯಾನರಿಗೆ ಜಾಕಿನ ರಾಡು ಸಿಗಿಸಿ ತಿರುಗಿಸ್ದೆ. ಮೊದ್ಲು ಬಿಗಿಯಾಗ್ತಾ ಬಂತು, ಆಮೇಲೆ ಒಮ್ಮೆಲೆ ಹಗುರಾಯ್ತು. ಸರಿಯಾಗಿ ಕೂತ್ಕೊಳ್ತು ಅಂದ್ಕೊಂಡೆ."

ಮಗಳಿಗೆ ಸಿಟ್ಟು ಸರ್ರನೆ ಏರಿತು. ಬೆಳಿಗ್ಗೆಯಿಂದ ತನ್ನನ್ನು ತಾನೇ ಬೈದುಕೊಂಡದ್ದೆಲ್ಲ ದಂಡ! "ನಿನ್ನ ಕೈಗೆ..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಹದ ಇಲ್ಲ ಅಂತ ತಾನೆ? ಹೇಳು. ನಿಮ್ಮಪ್ಪ ನಲವತ್ತು ವರ್ಷ ಅದನ್ನೇ ಹೇಳಿ ಸ್ಟಿಯರಿಂಗ್ ಮುಟ್ಟೋಕೆ ಬಿಡಲಿಲ್ಲ. ಅವರು ನಲ್ಲಿ ಸಡಿಲ ಬಿಡೋರು, ಬಾಗಿಲು ಸಡಿಲ ಬಿಡೋರು, ನಾಲಿಗೆ ಸಡಿಲ ಬಿಡೋರು. ಹಿಂದಿಂದೇ ಹೋಗಿ ಎಲ್ಲಾ ಬಿಗಿ ಮಾಡ್ತಾ ಬಂದೋಳು ನಾನು. ಕೈ ಹಂಗೇ ಆಗೋಯ್ತು." ಅಮ್ಮನ ಕಣ್ಣು ತುಂಬಿತ್ತು. "ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೆ ಯಾರೂ ಹೇಳಿಕೊಡಲಿಲ್ಲ ಕಣೇ."

ಮಗಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ವ್ರೆಂಚನ್ನು ಅಮ್ಮನ ಕೈಗಿಟ್ಟಳು.

"ಲೇ, ತಲೆ ಕೆಟ್ಟಿದ್ಯಾ?" ಅಳಿಯ ಹೌಹಾರಿದ. "ಬೆಳಿಗ್ಗೆಯಿಂದ ಪಟ್ಟಿರೋ ಪಾಡೆಲ್ಲಾ..."

"ನೀವು ಸುಮ್ನಿರಿ. ಅಮ್ಮ, ನಿಧಾನವಾಗಿ ಎಳಿ. ಶಬ್ದ ಕೇಳಿದ ತಕ್ಷಣ ಕೈ ಬಿಡು. ಅದಕ್ಕಿಂತ ಒಂದು ಚೂರೂ ಬೇಡ. ಇಲ್ಲಿ ಬಿಟ್ರೆ ಟೆಸ್ಟಲ್ಲೂ ಬಿಡ್ತೀಯ."

ಅಮ್ಮ ತೋಳು ಮೇಲೇರಿಸಿ ಹಿಡಿ ಎಳೆದಳು. ಬೋಲ್ಟು ಕಚ್ಚುತ್ತ, ಕಿರ್ರೆನ್ನುತ್ತ ತಿರುಗಿತು. ಅಳಿಯ ಕಣ್ಣು ಮುಚ್ಚಿಕೊಂಡ. ಇನ್ನೊಂದಿಷ್ಟು. ಇನ್ನೊಂದಿಷ್ಟು.

ಕಟಕ್!

ಅಮ್ಮನ ಕೈ ನಿಂತಿತು. ಮುಂಗೈಯ ನರ ಉಬ್ಬಿತ್ತು. "ಇನ್ನೊಂದೇ ಒಂದು ಚೂರು?" ಎಂದಳು, ಸಣ್ಣ ದನಿಯಲ್ಲಿ.

"ಬೇಡ."

ಅಮ್ಮ ಒಂದೊಂದೇ ಬೆರಳು ಬಿಡಿಸಿ ಕೈ ತೆಗೆದಳು.

ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ, ನೀರೂ ಎಣ್ಣೆಯೂ ತುಂಬಿ, ಎರಡೂವರೆಗೆ ಕೀಲಿ ತಿರುಗಿಸಿದರೆ ಎಂಜಿನ್ನು ಒಂದೇ ಸಲಕ್ಕೆ ಶುರುವಾಯಿತು. ಬಿಳಿ ಹೊಗೆಯಿಲ್ಲ, ನೀರು ಸೋರುತ್ತಿಲ್ಲ. ಅಳಿಯ ಗ್ರೀಸು ಕೈಯಲ್ಲೇ ಹೆಂಡತಿಯನ್ನು ಅಪ್ಪಿಕೊಂಡ. ಗೋಡೆಯಾಚೆ ಯಾರೋ ರೋಗಿ ಚಪ್ಪಾಳೆ ತಟ್ಟಿದ.

ನಾಲ್ಕಕ್ಕೆ ಟೆಸ್ಟು ಮೈದಾನ. ಗಂಡ ಹೆಂಡತಿ ಗೇಟಿನಲ್ಲಿ ನಿಂತರು. ಇನ್ಸ್‌ಪೆಕ್ಟರು ಅಮ್ಮನ ಗುರುತು ಹಿಡಿದು ಮೊದಲೇ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು, ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡು ಹಿಡಿದು ಕೂತರು. ವ್ಯಾನು ಸುತ್ತು ಹಾಕಿತು, ತಿರುಗಿತು, ಏರಿನ ನಡುವೆ ನಿಂತಿತು. ತೆರೆದ ಕಿಟಕಿಯಿಂದ ಹ್ಯಾಂಡ್‌ಬ್ರೇಕಿನ ಸದ್ದು ಗೇಟಿನವರೆಗೆ ಕೇಳಿತು. ಕಟ್, ಕಟ್, ಕಟ್, ಕಟ್. ಮಗಳು ಗಂಡನ ತೋಳು ಗಟ್ಟಿಯಾಗಿ ಹಿಡಿದಳು. ಐದನೆಯದು ಬರಲೇ ಇಲ್ಲ. ಬ್ರೇಕು ಸಲೀಸಾಗಿ ಬಿಟ್ಟಿತು, ವ್ಯಾನು ಒಂದಂಗುಲವೂ ಹಿಂದೆ ಜಾರದೆ ಏರು ಹತ್ತಿತು.

"ನಿಲ್ಲಿಸಿದ್ಲು ರೀ! ಅಮ್ಮ ನಿಲ್ಲಿಸಿದ್ಲು!" ಮಗಳು ಅಳುತ್ತಿದ್ದಳು, ನಗುತ್ತಿದ್ದಳು, ಕುಣಿಯುತ್ತಿದ್ದಳು.

ಇನ್ಸ್‌ಪೆಕ್ಟರು ಕೆಳಗಿಳಿದು, ಕನ್ನಡಕ ಹಾಕಿಕೊಂಡು ಕಾಗದಕ್ಕೆ ಮೊಹರು ಒತ್ತಿದರು. ಅಮ್ಮ ಅದನ್ನು ಮಡಚಿ ಎದೆಗಿಟ್ಟುಕೊಂಡು ವ್ಯಾನು ಹೊರಡಿಸಿದಳು. ಗೇಟಿಗೆ ಬಂತು, ಮಗಳು ಬಾಗಿಲಿಗೆ ಕೈ ಚಾಚಿದಳು, ವ್ಯಾನು ನಿಲ್ಲಲಿಲ್ಲ.

"ಅಮ್ಮ! ನಾವು ಹೆಂಗೆ ಬರೋದು?"

"ಬಸ್ಸಿಲ್ವೇನೇ? ನಾನು ತಂಗಿ ಮನೆಗೆ ಹೋಗ್ತಿದೀನಿ!"

"ಬಿಸಿ ತೋರಿಸೋ ಮುಳ್ಳಿನ ಮೇಲೆ ಕಣ್ಣಿಟ್ಟಿರು!" ಎಂದು ಮಗಳು ಹಿಂದಿಂದೆ ಓಡುತ್ತ ಕೂಗಿದಳು. ವ್ಯಾನು ಬೆಟ್ಟದ ರಸ್ತೆಗೆ ಹೊರಳಿಯಾಗಿತ್ತು. ಅವಳು ರಸ್ತೆ ನಡುವೆ ನಿಂತು ಕಿವಿಗೊಟ್ಟಳು. ನಾಲ್ಕೂ ಸಿಲಿಂಡರು ಒಂದೇ ಸಮ ಬಡಿಯುತ್ತಿದ್ದವು.