ಎರಡೂ ಕದ

ಕೌಂಟ್ ಗೇಬ್‌ಹಾರ್ಡ್ ಟೀಫೆನ್‌ಟಾಲ್ ಮೂವತ್ತು ವರ್ಷದಿಂದ ಆ ಅರಮನೆಯ ಮೆಟ್ಟಿಲು ಹತ್ತುತ್ತಿದ್ದರು. ಮೂವತ್ತು ವರ್ಷವೂ ಒಂದೇ ಕದ ತೆರೆದ ಬಾಗಿಲಿನಲ್ಲಿ ಒಳಗೆ ಹೋಗಿದ್ದರು. ಸಣ್ಣ ಸಂಸ್ಥಾನಗಳ ದೂತರಿಗೆ ಅಲ್ಲಿ ಒಂದು ಕದ, ರಾಯಭಾರಿಗಳಿಗೆ ಎರಡು. ಈ ಚಳಿಗಾಲದಲ್ಲಿ ಅವರ ಡ್ಯೂಕ್ ಅವರನ್ನು ರಾಯಭಾರಿಯ ಪದವಿಗೇರಿಸಿದ್ದರು. ಇಲ್ಲಿನ ರಾಜರೂ ಅದಕ್ಕೆ ಮುದ್ರೆ ಒತ್ತಿದ್ದರು. ಇಂದಿನ ಔತಣಕ್ಕೆ ಕೌಂಟ್ ಹೆಂಡತಿ ಒಟೀಲಿಯಾ ಮತ್ತು ಮಗಳು ಕ್ಲೋಟಿಲ್ಡ್ ಜೊತೆ ಬಂದರೆ, ತೆರೆದದ್ದು ಅದೇ ಒಂದು ಕದ.

ಒಟೀಲಿಯಾ ಬಾಗಿಲೆದುರೇ ನಿಂತುಬಿಟ್ಟರು. ಅರಮನೆಯಲ್ಲಿ ಒಂದು ಸಲ ನಡೆದದ್ದೇ ಪದ್ಧತಿ. ಇಂದು ಈ ಸಂದಿಯಲ್ಲಿ ನುಸುಳಿದರೆ ತಮ್ಮ ನಾಡಿನವರು ಎಂದೆಂದಿಗೂ ನುಸುಳಬೇಕು.

"ಆ ಕದದ ಚಿಲಕ ತುಕ್ಕು ಹಿಡಿದಿದೆ, ಅಮ್ಮಾವ್ರೇ," ಎಂದ ದ್ವಾರಾಧಿಕಾರಿ ಕ್ನೋಬೆಲ್, ಮೀಸೆಯಡಿಯಲ್ಲೇ ನಗುತ್ತ.

"ಅಯ್ಯೋ ಪಾಪ! ನಮ್ಮ ಯಜಮಾನ್ರು ಬರ್ತಾರೆ ಅಂತ ಗೊತ್ತಾದ್ಮೇಲೆ ಹಿಡೀತೋ?"

"ಬಿಡೇ," ಎಂದು ಕೌಂಟ್ ಪಿಸುಗುಟ್ಟಿದರು. "ಒಂದು ಊಟಕ್ಕೆ ಯಾಕೆ ರಗಳೆ? ಪಕ್ಕಕ್ಕೆ ತಿರುಗಿ ಹೋದ್ರಾಯ್ತು."

"ತಿರುಗಿ ತಿರುಗಿ ನೀವು ಅರ್ಧ ಸವೆದ್ರಿ. ನಾನು ಈ ಲಂಗದಲ್ಲಿ ಯಾವ ಕಡೆ ತಿರುಗಿದ್ರೂ ಅಷ್ಟೇ ಅಗಲ!"

ಎಂದವರೇ ಮೇಲಿನ ಮೆಟ್ಟಿಲಲ್ಲಿ ರೇಷ್ಮೆ ಹರಡಿ ಕೂತುಬಿಟ್ಟರು. "ಬಡಗಿ ಬರ್ಲಿ ಕ್ನೋಬೆಲ್ರೇ, ಕಾಯ್ತೀವಿ."

ದೊಡ್ಡ ರಾಜ್ಯಗಳ ರಾಯಭಾರಿಗಳು ಆಗಲೇ ಒಳಗಿದ್ದರು. ಹಿಂದೆ ಮೆಟ್ಟಿಲ ತುಂಬ ದೂತರು, ಅವರ ಹೆಂಡಂದಿರು. ಕ್ನೋಬೆಲ್ ಅವರತ್ತ ಕೈ ಬೀಸಿದ. "ನೀವು ಬನ್ನಿ, ಮುಂದೆ ಬನ್ನಿ!"

ಯಾರೂ ಕದಲಲಿಲ್ಲ. ಕ್ಲೋಟಿಲ್ಡ್ ನಕ್ಕಳು. "ಹೇಗೆ ಬರ್ತಾರೆ? ನಮ್ಮಪ್ಪ ರಾಯಭಾರಿ ಅಂದ್ರೆ ದೂತರು ಅವರನ್ನ ದಾಟೋ ಹಾಗಿಲ್ಲ. ಇಲ್ಲ, ಬರೀ ದೂತರು ಅಂತೀರಾ? ಹಾಗಾದ್ರೆ ಇಲ್ಲಿರೋ ದೂತರಲ್ಲೆಲ್ಲ ಹಳಬರು ಅವರೇ. ಹಳಬರನ್ನ ಹೊಸಬರು ದಾಟೋ ಹಾಗಿಲ್ಲ. ಯಾವ ನಿಯಮದಲ್ಲಿ ದಾಟಿಸ್ತೀರಿ, ಹೇಳಿ?"

"ಹುಡುಗಿ ಹೇಳೋದು ಸರಿ ಕಣಯ್ಯಾ," ಎಂದು ಗೊಣಗಿದ ಬೊಜ್ಜಿನ ದೂತರೊಬ್ಬರು ತಾವೂ ಮೆಟ್ಟಿಲ ಮೇಲೆ ಕೂತರು. ಅವರ ಪಕ್ಕ ಇನ್ನೊಬ್ಬರು ಕೂತರು. ನೋಡುನೋಡುತ್ತ ಮೆಟ್ಟಿಲ ಸಾಲೇ ಪಂಕ್ತಿಯಾಯಿತು.

ಅತಿಥಿಗಳೆಲ್ಲ ಕೂರುವವರೆಗೆ ರಾಜರು ಚಮಚ ಎತ್ತುವ ಹಾಗಿರಲಿಲ್ಲ. ಒಳಗಿನಿಂದ ಅವರ ಗುಡುಗು ಬಂತು: "ಕ್ನೋಬೆಲ್! ಏಡಿ ಸೂಪು ಆರ್ತಾ ಇದೆ! ಹೊರಗೆ ಎಲ್ಲಾರೂ ಸತ್ರೇನಯ್ಯಾ?"

ಕ್ನೋಬೆಲ್ ಬೆವರಿದ. ಕೌಂಟ್ ಬಳಿ ಬಾಗಿ, "ದೊಡ್ಡ ಮನಸ್ಸು ಮಾಡಿ, ಇದೊಂದು ಸಲ..." ಎಂದ.

ಒಟೀಲಿಯಾ ನೋಡಿದರು: ಗಂಡನ ಬಲಗಾಲು ಆಗಲೇ ಆ ಸಂದಿಯತ್ತ ಅರ್ಧ ಹೆಜ್ಜೆ ಇಟ್ಟಿತ್ತು. ಇದೊಂದು ಸಲ ಎಂದರೆ ಕರಗುವ ಜೀವ ಅದು.

ಕೌಂಟ್ ಕಾಲು ಹಿಂದಕ್ಕೆಳೆದುಕೊಂಡರು. ಕೋಲು ಊರಿ ನೆಟ್ಟಗೆ ನಿಂತರು.

"ಕದ ತೆಗೀರಿ, ಕ್ನೋಬೆಲ್."

ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಒಟೀಲಿಯಾ ಮದುವೆಯಾದಾಗಿನಿಂದ ಕೇಳಿರಲಿಲ್ಲ. ತುಕ್ಕಿನ ಚಿಲಕ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಎರಡೂ ಕದ ಹಾರುಹೊಡೆದವು. ಗಂಡ, ಹೆಂಡತಿ, ಮಗಳು ತೋಳಿಗೆ ತೋಳು ಸೇರಿಸಿ, ಮೂವರೂ ಒಂದೇ ಸಾಲಿನಲ್ಲಿ ಒಳಗೆ ನಡೆದರು.

ಅವರ ಹಿಂದೆ, ಉಳಿದ ದೂತರಿಗಾಗಿ, ಸೇವಕ ಒಂದು ಕದವನ್ನು ಧಡ್ಡನೆ ಮುಚ್ಚಿದ. ಒಟೀಲಿಯಾಗೆ ಗಂಡನ ತೋಳು ನಡುಗಿದ್ದು ತಿಳಿಯಿತು. ಅಳುತ್ತಿದ್ದಾರೇನೋ ಎಂದು ಗಾಬರಿಯಿಂದ ತಿರುಗಿ ನೋಡಿದರೆ, ಹೊಸ ರಾಯಭಾರಿಗಳು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದರು.