ಒಂಬತ್ತು ಅಡಿ ಆಚೆ

“ನಿಮ್ಮ ಮಗಳ ಮೈಯಲ್ಲಿ ಲಕೋಟಾ ಬುಡಕಟ್ಟಿನ ರಕ್ತ ಎಷ್ಟು ಪಾಲಿತ್ತು? ಅರ್ಧವೋ, ಕಾಲೋ?”

ವಕೀಲ ಕನ್ನಡಕ ಒರೆಸಿಕೊಳ್ಳುತ್ತ ಕೇಳಿದ, ಹಾಲಿಗೆ ಎಷ್ಟು ನೀರು ಬೆರೆಸಿದ್ದೀಯೆಂದು ಕೇಳುವವನ ಹಾಗೆ. ಸಾಕ್ಷಿ ಕಟಕಟೆಯಲ್ಲಿದ್ದ ಅರ್ಡಿತ್ ಅವನ ಕಡೆ ತಿರುಗಿದಳು.

“ಎಷ್ಟಿತ್ತೋ ಅಷ್ಟೂ ಹಿಮದ ಮ್ಯಾಲೆ ಬಿದ್ದಿತ್ತಲ್ಲ ಸ್ವಾಮಿ. ಆವತ್ತೇ ಬಂದು ಅಳೆದ್ಕಂಡು ಹೋಗ್ಬೇಕಿತ್ತು. ನಿಮ್ಮೋರು ಬರೋ ಹೊತ್ಗೆ ಕರಗೋಗಿತ್ತು.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ತಲೆಯೆತ್ತಲಿಲ್ಲ. “ಕೇಳಿದ್ದಕ್ಕಷ್ಟೇ ಉತ್ತರ ಹೇಳಮ್ಮ,” ಎಂದರು.

ಮಗಳು ಕೊರಿನ್‌ಗೆ ಇಪ್ಪತ್ತೆರಡು ವರ್ಷ. ಹಸುಗಳು ಕರು ಹಾಕುವ ಕಾಲಕ್ಕೆ ಹಾಲ್ವರ್ಸನ್ ಎಂಬ ಬಿಳಿಯನ ದನದ ಫಾರ್ಮಿಗೆ ಕೂಲಿಗೆ ಹೋಗಿದ್ದಳು. ಒಂದು ಬೆಳಗ್ಗೆ ಬೇಲಿಯ ಹತ್ತಿರ ಅವನ ಗುಂಡು ತಗುಲಿ ಸತ್ತಳು. ನರಿ ಅಂದುಕೊಂಡೆ ಎಂದ ಅವನು. ಹುಡುಗಿ ಹಾಕಿಕೊಂಡಿದ್ದುದು ಕೆಂಪು ಕೋಟು. ಅಮೆರಿಕದ ಕಾನೂನಿನಲ್ಲಿ ಬುಡಕಟ್ಟಿನ ಕೋರ್ಟಿಗೆ ಬಿಳಿಯನನ್ನು ವಿಚಾರಿಸುವ ಅಧಿಕಾರವಿಲ್ಲ. ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಮುಖ್ಯಸ್ಥನಾದ ಷರೀಫ ಬಂದು ನೋಡಿ, ಇದು ಬುಡಕಟ್ಟಿನ ನೆಲ, ಕೇಂದ್ರದ ಫೆಡರಲ್ ಕೋರ್ಟಿನವರು ನೋಡಿಕೊಳ್ಳಬೇಕು ಎಂದು ಕೈ ತೊಳೆದುಕೊಂಡ. ಆ ಕೋರ್ಟು ಇದ್ದದ್ದು ಇನ್ನೂರು ಮೈಲಿ ದೂರದಲ್ಲಿ. ಅಲ್ಲಿನ ನ್ಯಾಯಾಧೀಶರದು ಜೀವ ಇರುವವರೆಗಿನ ಕುರ್ಚಿ. ಹದಿನಾಲ್ಕು ತಿಂಗಳು ಕಾಯಿಸಿ ಕರೆದವರು, ಕೊಂದದ್ದೇಕೆ ಎಂದು ಕೇಳಲು ಕರೆದಿರಲಿಲ್ಲ. ಸತ್ತವಳು ಬುಡಕಟ್ಟಿನವಳೇ, ಸತ್ತ ನೆಲ ಬುಡಕಟ್ಟಿನದೇ, ಈ ಸಾವು ತಮ್ಮ ವ್ಯಾಪ್ತಿಗೆ ಸೇರುತ್ತದೆಯೇ ಎಂದಷ್ಟೇ ಇಂದು ತೀರ್ಮಾನ.

ಸತ್ತ ಮಗಳು ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ಹಾಡುಹಗಲೇ ಬರುತ್ತಿದ್ದಳು. ಒಲೆಯ ಮೇಲೆ ನೀರು ಕುದಿಯುವಾಗ ಬಂದು ಒದ್ದೆ ಬೂಟು ಬಿಚ್ಚುತ್ತಿದ್ದಳು. ಕಣ್ಣು ನಿದ್ದೆಗೆಟ್ಟು ಕೆಂಪಾಗಿರುತ್ತಿತ್ತು. ಅರ್ಡಿತ್‌ಗೆ ಭಯವಾಗುತ್ತಿರಲಿಲ್ಲ, ಮಗಳಿಗೆ ನಿದ್ದೆಯಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು. ಈ ಬೆಳಿಗ್ಗೆಯೂ ಹೊರಡುವಾಗ ಅವಳು ಕೂರಲೆಂದು ವ್ಯಾನಿನ ಹಿಂದಿನ ಸೀಟಿನಲ್ಲಿದ್ದ ಸಾಮಾನು ತೆಗೆಸಿದಳು. ಗಾಡಿ ಓಡಿಸುವ ಅಕ್ಕನ ಮಗ ವೆಂಡೆಲ್ ಅದನ್ನು ಡಿಕ್ಕಿಗೆ ಹಾಕಿದ.

ಬಿಡುವಿನಲ್ಲಿ ಹಾಲ್ವರ್ಸನ್ ಕಾಫಿ ಲೋಟ ಹಿಡಿದು, ಹೊರಗಿನ ಬೆಂಚಿನಲ್ಲಿ ಕೂತಿದ್ದ ಅರ್ಡಿತ್ ಮತ್ತು ವೆಂಡೆಲ್ ಮುಂದೆಯೇ ನಿಂತ.

“ಏನು ಮುದುಕಿ, ಇಷ್ಟು ದೂರ ಬಂದಿದ್ದೀಯ. ಇಲ್ಲಿ ಕಾಫಿ ಚೆನ್ನಾಗಿದೆ, ಕುಡಿದು ಹೋಗು.”

“ಲೇ ಬೋಳಿಮಗನೆ!” ವೆಂಡೆಲ್ ಎದ್ದ.

ಅರ್ಡಿತ್ ಅವನ ಅಂಗಿ ಜಗ್ಗಿದಳು. “ಬೈಬ್ಯಾಡ ಸುಮ್ಕಿರ್ಲಾ. ಅವ್ಳು ಕೇಳಿಸ್ಕತಾವ್ಳೆ.”

“ಯಾರು ಚಿಕ್ಕವ್ವ?”

ಅವಳು ತನ್ನ ಪಕ್ಕದ ಖಾಲಿ ಜಾಗದ ಮೇಲೆ ಕೈಯಿಟ್ಟಳು. ವೆಂಡೆಲ್‌ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

ಮತ್ತೆ ಒಳಗೆ ಕರೆದಾಗ ನ್ಯಾಯಾಧೀಶರ ಮುಂದೆ ಸರ್ವೆಯವನ ನಕ್ಷೆ ಹರಡಿತ್ತು.

“ಘಟನೆ ನಡೆದ ಜಾಗ ಬುಡಕಟ್ಟಿನ ಗಡಿಯಿಂದ ಒಂಬತ್ತು ಅಡಿ ಆಚೆಗಿದೆ. ಈ ನ್ಯಾಯಾಲಯಕ್ಕೆ ವ್ಯಾಪ್ತಿಯಿಲ್ಲ. ಪ್ರಕರಣ ವಜಾ.”

“ಹಂಗಾದ್ರೆ ಯಾರ್ತಾವ ಹೋಗ್ಲಿ ನಾನು?” ಬೆಂಚಿನಿಂದಲೇ ಕೇಳಿದಳು ಅರ್ಡಿತ್.

“ಕೌಂಟಿಯವರನ್ನ ಕೇಳಿ.”

ಮೂಲೆಯಲ್ಲಿದ್ದ ಷರೀಫ ಟೋಪಿ ಕೈಗೆತ್ತಿಕೊಂಡ. “ನಮ್ಮದಲ್ಲ ಅಂತ ಆಗಲೇ ಬರೆದುಕೊಟ್ಟಿದ್ದೀವಲ್ಲ,” ಎಂದು ಬಾಗಿಲ ಕಡೆ ನಡೆದ.

“ಎಲ್ಲರೂ ಎದ್ದು ನಿಲ್ಲಿ!” ಜವಾನ ಕೂಗಿದ. ನ್ಯಾಯಾಧೀಶರು ಎದ್ದರು, ವಕೀಲರು ಎದ್ದರು, ಹಾಲ್ವರ್ಸನ್ ಎದ್ದ. ಅಭ್ಯಾಸಬಲದಿಂದ ವೆಂಡೆಲ್ ಕೂಡ ಎದ್ದ. ಅರ್ಡಿತ್ ಏಳಲಿಲ್ಲ.

“ಏಯ್, ಏಳು,” ಎಂದು ಪೊಲೀಸಿನವನು ಗದರಿಸಿದ.

“ಏಳಾಕಿಲ್ಲ.”

“ಕಿವಿ ಕೇಳಲ್ವಾ? ಇದು ನ್ಯಾಯಾಲಯ!”

“ನನ್ ಮಗಳು ನಿಮ್ಮ ಗೆರೆಯಿಂದ ಆಚೆ ಅಂದ್ರಲ್ಲ. ಅವಳ ಅವ್ವ ನಾನು. ನಾನೂ ಆಚೆಯೋಳೆ. ನನ್ನ ಏಳ್ಸೋಕೆ ನೀವ್ಯಾರು?”

ನ್ಯಾಯಾಧೀಶರು ಮೊದಲ ಬಾರಿಗೆ ಅವಳನ್ನು ನೋಡಿದರು.

“ನ್ಯಾಯಾಂಗ ನಿಂದನೆ. ವಶಕ್ಕೆ ತೆಗೆದುಕೊಳ್ಳಿ.”

“ಹದಿನಾಲ್ಕು ತಿಂಗ್ಳು ಸಿಗದಿದ್ದ ಅಧಿಕಾರ ಈಗೆಲ್ಲಿಂದ ಬಂತ್ರೋ, ಸೂಳೆಮಕ್ಕಳಾ!” ವೆಂಡೆಲ್ ಗಂಟಲು ಹರಿಯುವಂತೆ ಕೂಗಿದ. ಅವನನ್ನು ಗೋಡೆಗೆ ಒತ್ತಿ ಹಿಡಿದರು.

ಇಬ್ಬರು ಬಂದು ಅರ್ಡಿತ್‌ಳ ರಟ್ಟೆಗೆ ಕೈ ಹಾಕಿದರು. ಅವಳು ಕೊಸರಾಡಲಿಲ್ಲ. ಬಲಗೈ ಮಾತ್ರ ಮಡಿಲಲ್ಲಿ ಮೆಲ್ಲಗೆ ಹೋಗಿಬರುತ್ತಿತ್ತು, ಕೂದಲು ನೇವರಿಸುವ ಹಾಗೆ.

“ಮೆತ್ತಗೆ ಎತ್ರಪ್ಪಾ,” ಎಂದಳು. “ಈಗ್ ತಾನೇ ಕಣ್ಣು ಹತ್ತೈತೆ ಮಗೀಗೆ.”